ಹಣಕಾಸು ಸಚಿವರಿಗೊಂದು ಬಹಿರಂಗ ಪತ್ರ: ಟೂರಿಸ್ಟ್‌ಗಳಿಗೆ ಟ್ಯಾಕ್ಸ್ ವಾಪಸ್ ಕೊಡೋ ಸೆಕ್ಷನ್ 15 ಯಾವಾಗ ಶುರು ಮಾಡ್ತೀರಾ ಮೇಡಂ?

ಸನ್ಮಾನ್ಯ ನಿರ್ಮಲಾ ಸೀತಾರಾಮನ್ ಅವರಿಗೆ ನಮಸ್ಕಾರಗಳು.

ಮೇಡಂ, ನೀವು ನಮ್ಮ ಕರ್ನಾಟಕದಿಂದಲೇ ರಾಜ್ಯಸಭೆಗೆ ಹೋದವರು, ಜಿಎಸ್‌ಟಿ ಕೌನ್ಸಿಲ್‌ಗೂ ನೀವೇ ಅಧ್ಯಕ್ಷರು, ಅದಕ್ಕೇ ಬೇರೆ ಯಾರಿಗೂ ಬರೀದೆ ನೇರ ನಿಮಗೇ ಬರೀತಿದ್ದೀನಿ. ನಾನು ಮೈಸೂರಲ್ಲಿ ಸೀರೆ ಅಂಗಡಿ, ಕರಕುಶಲ ವಸ್ತುಗಳ ಅಂಗಡಿಗಳ ಲೆಕ್ಕ ನೋಡ್ಕೊಳ್ಳೋನು, ರಿಟರ್ನ್ ಫೈಲ್ ಮಾಡೋದೇ ನನ್ನ ಹೊಟ್ಟೆಪಾಡು. ಫಾರಿನ್‌ನಿಂದ ಬಂದವರು ಬಿಲ್ ಕೈಗೆ ತಗೊಂಡ ಕೂಡಲೇ ಕೇಳೋದು ಒಂದೇ, ಈ ಟ್ಯಾಕ್ಸ್ ಏರ್‌ಪೋರ್ಟಲ್ಲಿ ವಾಪಸ್ ಸಿಗುತ್ತಾ, ಫಾರಂ ಎಲ್ಲಿ ಅಂತ. ಕೌಂಟರ್‌ನಲ್ಲಿರೋ ಹುಡುಗರು ನಮ್ಮಲ್ಲಿ ಅದೆಲ್ಲಾ ಇಲ್ಲ ಸಾರ್ ಅಂದ್ಬಿಡ್ತಾರೆ. ಹುಡುಗರು ಹೇಳೋದು ಸರಿನೇ, ಸಿಗಲ್ಲ. ಆದ್ರೆ ಕಾನೂನಲ್ಲಿ ಇಲ್ಲ ಅನ್ನೋ ಹಾಗಿಲ್ಲ, ಅದೇ ತಮಾಷೆ.

ಐಜಿಎಸ್‌ಟಿ (ಒಂದು ರಾಜ್ಯದ ಒಳಗೇ ಮುಗಿಯದ ಮಾರಾಟದ ಮೇಲೆ ಹಾಕೋ ಜಿಎಸ್‌ಟಿ) ಆಕ್ಟ್ 2017ರ ಸೆಕ್ಷನ್ 15 ಪೂರ್ತಿ ಇದಕ್ಕೇ ಇರೋದು. ಭಾರತ ಬಿಟ್ಟು ಹೋಗೋ ಟೂರಿಸ್ಟ್ ತಾನು ಹೊರಗೆ ತಗೊಂಡು ಹೋಗೋ ಸಾಮಾನಿನ ಮೇಲೆ ಕಟ್ಟಿದ ಐಜಿಎಸ್‌ಟಿ ವಾಪಸ್ ಕೊಡಬೇಕು ಅಂತ ಸ್ಪಷ್ಟವಾಗಿ ಬರ್ದಿದೆ. ಟೂರಿಸ್ಟ್ ಅಂದ್ರೆ ಯಾರು ಅಂತಾನೂ ಅಲ್ಲೇ ಹೇಳಿದಾರೆ, ಮಾಮೂಲಿಯಾಗಿ ಭಾರತದಲ್ಲಿ ವಾಸ ಇಲ್ಲದೆ, ಆರು ತಿಂಗಳಿಗಿಂತ ಹೆಚ್ಚಲ್ಲದ ಅವಧಿಗೆ ಬಂದವರು. ಸೆಕ್ಷನ್ 8ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಇಂಥ ಟೂರಿಸ್ಟ್‌ಗೆ ಮಾರಿದ್ದು ರಾಜ್ಯದೊಳಗಿನ ಮಾರಾಟ ಅಂತ ಲೆಕ್ಕಕ್ಕೆ ಬರಲ್ಲ ಅಂತ ಹಾಕಿದಾರೆ, ಅಂದ್ರೆ ಕೇಂದ್ರದ ಸಿಜಿಎಸ್‌ಟಿ ಅರ್ಧ ರಾಜ್ಯದ ಎಸ್‌ಜಿಎಸ್‌ಟಿ ಅರ್ಧ ಅನ್ನೋ ಬಿಲ್ ಬದಲು ಐಜಿಎಸ್‌ಟಿ ಬಿಲ್, ಆಮೇಲೆ ರೀಫಂಡ್ ಕೊಡುವಾಗ ಕೇಂದ್ರ ಎಷ್ಟು ರಾಜ್ಯ ಎಷ್ಟು ಅನ್ನೋ ಜಗಳ ಬೇಡ ಅಂತ. ಬರೆದವರು ಚೆನ್ನಾಗೇ ಯೋಚನೆ ಮಾಡಿದಾರೆ ಮೇಡಂ, ನಾನು ಅವರನ್ನ ಬೈಯಲ್ಲ. ಆದ್ರೆ 2017ರಲ್ಲಿ ಒಂದೊಂದೇ ಸೆಕ್ಷನ್ ಜಾರಿಗೆ ತರೋ ನೋಟಿಫಿಕೇಶನ್ ಹೊರಡಿಸಿದಾಗ 14 ಬಂತು, 16 ಬಂತು, ಮಧ್ಯದ 15 ಮಾತ್ರ ಹಾಗೇ ಉಳ್ಕೊಂಡ್ತು. ಆವತ್ತಿಂದ ಹಾಗೇ ಇದೆ.

ಆ ಪಕ್ಕದ 16 ಇದೆಯಲ್ಲ, ಅದು ಎಕ್ಸ್‌ಪೋರ್ಟ್‌ನ ಝೀರೋ ರೇಟ್ ಮಾಡೋ ಸೆಕ್ಷನ್. ಅದೇ ಮೈಸೂರು ಸೀರೆನ ಒಬ್ಬ ವ್ಯಾಪಾರಿ ಪಾರ್ಸೆಲ್ ಕಟ್ಟಿ ಶಿಪ್ಪಿಂಗ್ ಬಿಲ್ ಮಾಡಿ ಜರ್ಮನಿಗೆ ಕಳಿಸಿದ್ರೆ ಟ್ಯಾಕ್ಸ್ ಸೊನ್ನೆ, ಜರ್ಮನಿಯಿಂದ ಬಂದ ಹೆಂಗಸು ಅದೇ ಸೀರೆನ ತನ್ನ ಸೂಟ್‌ಕೇಸ್‌ನಲ್ಲಿ ಇಟ್ಕೊಂಡು ಹೋದ್ರೆ ಪೂರ್ತಿ ಟ್ಯಾಕ್ಸ್. ಎರಡೂ ಸಲ ಸೀರೆ ಉಡೋದು ಜರ್ಮನಿಯಲ್ಲೇ, ಡಾಲರೋ ಯೂರೋನೋ ಬರೋದು ಇಲ್ಲಿಗೇ. ನಿಮ್ಮ ಇಲಾಖೆಯ ಯಾರಾದ್ರೂ ಈ ವ್ಯತ್ಯಾಸಕ್ಕೆ ಒಂದು ಒಳ್ಳೆ ಕಾರಣ ಕೊಟ್ರೆ ನಾನು ಈ ಪತ್ರ ವಾಪಸ್ ತಗೋತೀನಿ.

ಬೇರೆ ದೇಶಗಳು ಇದನ್ನ ಯಾವಾಗ್ಲೋ ಮಾಡಿ ಮುಗಿಸಿವೆ. ಸಿಂಗಾಪುರದಲ್ಲಿ ಜಿಎಸ್‌ಟಿ 9 ಪರ್ಸೆಂಟ್, 100 ಸಿಂಗಾಪುರ್ ಡಾಲರ್ ಬಿಲ್ ಆದ್ರೆ ಸಾಕು, ಒಂದೇ ಅಂಗಡಿಯ ಒಂದೇ ದಿನದ ಮೂರು ಬಿಲ್ ತನಕ ಸೇರಿಸ್ಕೋಬಹುದು, ಚಾಂಗಿ ಏರ್‌ಪೋರ್ಟ್‌ನ ಮಷಿನ್‌ನಲ್ಲಿ ಪಾಸ್‌ಪೋರ್ಟ್ ಸ್ಕ್ಯಾನ್ ಮಾಡಿದ್ರೆ ಎಲ್ಲಾ ಬಿಲ್ ಅಲ್ಲೇ ಕಾಣುತ್ತೆ. ಥಾಯ್ಲೆಂಡ್‌ನಲ್ಲಿ 7 ಪರ್ಸೆಂಟ್ ವ್ಯಾಟ್, ಒಂದು ಅಂಗಡಿಯಲ್ಲಿ ಒಂದು ದಿನಕ್ಕೆ 2,000 ಬಾತ್ ತಗೊಂಡ್ರೆ ಹಳದಿ ಫಾರಂ ಕೊಡ್ತಾರೆ. ದುಬೈನಲ್ಲಿ ವ್ಯಾಟ್ ಇರೋದೇ 5 ಪರ್ಸೆಂಟ್, ಅದನ್ನೂ 2018ರಿಂದ ಟೂರಿಸ್ಟ್‌ಗಳಿಗೆ ವಾಪಸ್ ಕೊಡ್ತಿದಾರೆ, ಅಷ್ಟರಲ್ಲೇ ಒಂದು ಪಾಲು ಫೀಸ್ ಅಂತ ಮುರ್ಕೋತಾರೆ ಬಿಡಿ. ಚೀನಾದವರಂತೂ 2025ರ ಏಪ್ರಿಲ್‌ನಲ್ಲಿ ಕನಿಷ್ಠ ಬಿಲ್ 500 ಯುವಾನ್ ಇದ್ದಿದ್ದನ್ನ 200ಕ್ಕೆ ಇಳಿಸಿದ್ರು, ಎಷ್ಟು ಜನ ಬಂದು ಶಾಪಿಂಗ್ ಮಾಡಿದ್ರೆ ಅಷ್ಟು ಒಳ್ಳೇದು ಅಂತ. ನಮ್ಮೋರು ಆ ದೇಶಗಳಿಗೆಲ್ಲಾ ಹೋಗಿ ಹೆಮ್ಮೆಯಿಂದ ರೀಫಂಡ್ ತಗೊಂಡು ಬರ್ತಾರೆ, ಇಲ್ಲಿಗೆ ಬಂದವರಿಗೆ ಮಾತ್ರ ಏನೂ ಇಲ್ಲ.

ಇದ್ರಿಂದ ಎಷ್ಟು ದುಡ್ಡು ಅಂತ ನೀವು ಕೇಳ್ತೀರಾ. ಉತ್ಪ್ರೇಕ್ಷೆ ಮಾಡಲ್ಲ, ಸೀರೆಗೆ 5 ಪರ್ಸೆಂಟ್, ಚಿನ್ನದ ಒಡವೆಗೆ 3 ಪರ್ಸೆಂಟ್, ಕರಕುಶಲ ವಸ್ತುಗಳಲ್ಲಿ ಬಹಳಷ್ಟು ನೀವೇ 2025ರ ಸೆಪ್ಟೆಂಬರ್ 22ರಿಂದ 12ರಿಂದ 5ಕ್ಕೆ ಇಳಿಸಿದ್ರಿ, ಅದಕ್ಕೆ ಥ್ಯಾಂಕ್ಸ್ ಹೇಳ್ಲೇಬೇಕು. 600 ರೂಪಾಯಿಯ ಚನ್ನಪಟ್ಟಣ ಬೊಂಬೆಗೆ 30 ರೂಪಾಯಿ ರೀಫಂಡ್ ಕೇಳ್ಕೊಂಡು ಯಾರೂ ಏರ್‌ಪೋರ್ಟಲ್ಲಿ ಕ್ಯೂ ನಿಲ್ಲಲ್ಲ, ನಿಲ್ಲೋದೂ ಬೇಡ. ಆದ್ರೆ 50,000 ರೂಪಾಯಿ ರೇಷ್ಮೆ ಸೀರೆಗೆ 2,500, ಮೂರು ಲಕ್ಷದ ಒಡವೆಗೆ 9,000 ಅಂದ್ರೆ ಯಾರಿಗಾದ್ರೂ ಕಣ್ಣಿಗೆ ಕಾಣೋ ದುಡ್ಡು. ಮದುವೆ ಶಾಪಿಂಗ್‌ಗೆ ಅಂತಲೇ ಅಮೆರಿಕಾದಿಂದ, ಮಲೇಷ್ಯಾದಿಂದ ಕುಟುಂಬ ಸಮೇತ ಬರೋರು ಇದಾರೆ, ಅವರು ಇಲ್ಲಿ ನಾಲ್ಕು ಸೀರೆ ತಗೊಳ್ಳೋ ಕಡೆ ಆರು ತಗೋತಾರಾ ಅನ್ನೋದೇ ನಮ್ಮ ಅಂಗಡಿಯವರ ಲೆಕ್ಕ. ಅಂದಹಾಗೆ ಬೇರೆ ದೇಶದ ಪಾಸ್‌ಪೋರ್ಟ್ ಇರೋ ನಮ್ಮ ಕನ್ನಡಿಗರು, ಒಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡೋ ಕಾರ್ಡ್) ಇರೋರು, ಇವರೆಲ್ಲಾ ಟೂರಿಸ್ಟ್ ಅಡಿಯಲ್ಲಿ ಬರ್ತಾರಾ ಇಲ್ವಾ ಅಂತ ರೂಲ್ಸ್‌ನಲ್ಲೇ ಬಿಡಿಸಿ ಹೇಳಿಬಿಡಿ, ಇಲ್ಲಾಂದ್ರೆ ಕೌಂಟರ್‌ನಲ್ಲಿ ಒಬ್ಬೊಬ್ಬ ಆಫೀಸರ್ ಒಂದೊಂದು ಅರ್ಥ ಹೇಳ್ತಾರೆ.

ಮೋಸ ಆಗುತ್ತೆ ಅನ್ನೋ ಭಯ ನಿಮಗಿದ್ರೆ ಅದು ಸುಮ್ನೆ ಅಲ್ಲ, ಬೋಗಸ್ ಬಿಲ್ ಏನು ಅಂತ ನನಗೂ ಗೊತ್ತು, ನಿಮಗೂ ಗೊತ್ತು. ಜಪಾನ್‌ನಲ್ಲಿ ಅಂಗಡಿಯಲ್ಲೇ ಟ್ಯಾಕ್ಸ್ ಇಲ್ಲದೆ ಮಾರೋ ಪದ್ಧತಿ ಇತ್ತು, ಜನ ತಗೊಂಡು ಅಲ್ಲೇ ಒಳಗೇ ಮಾರ್ಕೊಳ್ಳೋದು ಜಾಸ್ತಿಯಾಯ್ತು ಅಂತ 2026ರ ನವೆಂಬರ್ 1ರಿಂದ ಮೊದಲು ಟ್ಯಾಕ್ಸ್ ಕಟ್ಟಿ, ಹೊರಡುವಾಗ ವಾಪಸ್ ತಗೊಳ್ಳೋ ಪದ್ಧತಿಗೆ ಬದಲಾಯಿಸೋಕೆ ತೀರ್ಮಾನ ಮಾಡಿದ್ರು. ಬ್ರಿಟನ್‌ನವರು 2021ರ ಜನವರಿಯಿಂದ ನಾರ್ದರ್ನ್ ಐರ್ಲೆಂಡ್ ಬಿಟ್ಟು ಉಳಿದ ಕಡೆ ಸ್ಕೀಮನ್ನೇ ತೆಗೆದು ಹಾಕಿದ್ರು, 2022ರಲ್ಲಿ ವಾಪಸ್ ತರ್ತೀವಿ ಅಂದು ಕೆಲವೇ ವಾರದಲ್ಲಿ ಅದನ್ನೂ ಕೈಬಿಟ್ರು, ಅಂಗಡಿಯವರು ಇವತ್ತಿಗೂ ಬೈಕೋತಾನೇ ಇದಾರೆ. ನಮ್ಮಲ್ಲಿ ಸೆಕ್ಷನ್ 15 ಹೇಳೋದು ಕಟ್ಟಿ ಆಮೇಲೆ ವಾಪಸ್ ತಗೊಳ್ಳೋ ದಾರಿನೇ, ಅದು ಸರಿಯಾದ ದಾರಿ. ಬೇಕಿರೋದು ಒಂದೇ, ಈಗ ಗಿರಾಕಿಗಳಿಗೆ ಮಾಡೋ ಚಿಲ್ಲರೆ ಬಿಲ್‌ಗಳು ಮಾರಾಟದ ಲೆಕ್ಕ ಕೊಡೋ ಜಿಎಸ್‌ಟಿಆರ್-1 ರಿಟರ್ನ್‌ನಲ್ಲಿ ಹೆಚ್ಚು ಕಮ್ಮಿ ಒಟ್ಟು ಮೊತ್ತವಾಗಿ ಹೋಗುತ್ತೆ, ಬಿಡಿ ಬಿಲ್ ಕಾಣಲ್ಲ. ಟೂರಿಸ್ಟ್ ಬಿಲ್‌ಗೆ ಅಂತ ಬೇರೆ ಟೇಬಲ್ ಕೊಡಿ, ಪಾಸ್‌ಪೋರ್ಟ್ ನಂಬರ್ ಹಾಕಿ ಬಿಲ್ ಮಾಡಿದ ಆವತ್ತೇ ಅಪ್‌ಲೋಡ್ ಆಗ್ಲಿ, ಕಸ್ಟಮ್ಸ್‌ನವರ ಸ್ಕ್ರೀನ್‌ನಲ್ಲಿ ಅದೇ ಬಿಲ್ ಬಂದ್ರೆ ಬೋಗಸ್ ಮಾಡೋನು ಎಲ್ಲಿಂದ ತರ್ತಾನೆ?

ಕೌಂಟರ್ ಎಲ್ಲಿ ಇಡ್ತೀರಾ ಅನ್ನೋದ್ರಲ್ಲೇ ಅರ್ಧ ಕೆಲಸ ಕೆಡೋದು. ಸಾಮಾನು ತೋರಿಸಿ ಅಂತೀರಾ, ಸಾಮಾನು ಚೆಕ್-ಇನ್ ಬ್ಯಾಗಲ್ಲಿ ಹೋಗಿರುತ್ತೆ, ಕೌಂಟರ್ ಇಮಿಗ್ರೇಷನ್ ಆದ್ಮೇಲೆ ಇರುತ್ತೆ, ಮುಗೀತು ಕಥೆ. ಬ್ಯಾಗ್ ಕೊಡೋಕೆ ಮುಂಚೆ ಒಂದು ಕೌಂಟರ್, ಒಡವೆ ತರ ಕೈಯಲ್ಲಿ ತಗೊಂಡು ಹೋಗೋದಕ್ಕೆ ಒಳಗೊಂದು ಕೌಂಟರ್, ಎರಡೂ ಬೇಕು. ಇನ್ನೊಂದು, ಮೈಸೂರು ನೋಡಿದವರೆಲ್ಲಾ ಬೆಂಗಳೂರಿಂದ ನೇರ ಅವರ ಊರಿಗೆ ಹಾರಲ್ಲ, ಡೆಲ್ಲಿ ಮುಂಬೈ ಮೇಲೆ ಹೋಗ್ತಾರೆ, ಬ್ಯಾಗ್ ಬೆಂಗಳೂರಲ್ಲೇ ಕೊನೆ ಊರಿನ ಟ್ಯಾಗ್ ಹಾಕಿ ಹೋಗ್ಬಿಡುತ್ತೆ, ಡೆಲ್ಲಿ ಕಸ್ಟಮ್ಸ್‌ನವರಿಗೆ ತೋರಿಸೋಕೆ ಕೈಯಲ್ಲಿ ಏನಿರುತ್ತೆ? ಮೊದಲ ಏರ್‌ಪೋರ್ಟ್‌ನಲ್ಲೇ ನೋಡಿ ಓಕೆ ಮಾಡೋ ಹಾಗಿರ್ಬೇಕು. ದುಡ್ಡು ಅವರು ಪೇಮೆಂಟ್ ಮಾಡಿದ ಕಾರ್ಡ್‌ಗೇ ವಾಪಸ್ ಹೋಗ್ಲಿ. 2023ರ ಜಿ20 ಟೈಮ್‌ನಲ್ಲಿ ಫಾರಿನರ್ಸ್‌ಗೆ ಅಂತ ತಂದ ಯುಪಿಐ ವ್ಯಾಲೆಟ್‌ಗೆ ಹಾಕ್ತೀವಿ ಅಂತ ಯಾರಾದ್ರೂ ಐಡಿಯಾ ಕೊಟ್ರೆ ದಯವಿಟ್ಟು ಬೇಡ ಅನ್ನಿ, ವಿಮಾನ ಹತ್ತೋನಿಗೆ ರೂಪಾಯಿ ವ್ಯಾಲೆಟ್‌ನಲ್ಲಿ ದುಡ್ಡು ಬಿದ್ರೆ ಅವನು ಏನು ಮಾಡ್ಬೇಕು.

ಕೊನೆಗೆ, ನನ್ನ ಕ್ಲೈಂಟ್‌ಗಳಲ್ಲಿ ಜಾಸ್ತಿ ಇರೋ ಸಣ್ಣ ಅಂಗಡಿಯವರ ವಿಷಯ. ಇವರಲ್ಲಿ ತುಂಬಾ ಜನ ಕಾಂಪೋಸಿಷನ್ ಸ್ಕೀಮ್‌ನಲ್ಲಿ (ಸಣ್ಣ ವ್ಯಾಪಾರಿಗಳು ಒಟ್ಟು ವಹಿವಾಟಿನ ಮೇಲೆ ಇಷ್ಟು ಅಂತ ಕಡಿಮೆ ಟ್ಯಾಕ್ಸ್ ಕಟ್ಟೋ ಸ್ಕೀಮ್) ಇದಾರೆ, ಬಿಲ್‌ನಲ್ಲಿ ಟ್ಯಾಕ್ಸ್ ಹಾಕೋ ಹಾಗಿಲ್ಲ, ಹೊರರಾಜ್ಯಕ್ಕೆ ಮಾರೋ ಹಾಗೂ ಇಲ್ಲ. ನಾಳೆ ಸೆಕ್ಷನ್ 15 ಜಾರಿಗೆ ಬಂತು ಅಂದ್ಕೊಳ್ಳಿ, ಟೂರಿಸ್ಟ್‌ಗೆ ಮಾರಿದ್ದು ರಾಜ್ಯದೊಳಗಿನ ಮಾರಾಟ ಅಲ್ಲ ಅಂತ ಸೆಕ್ಷನ್ 8 ಹೇಳುತ್ತೆ, ಹಾಗಾದ್ರೆ ಅಂಗಡಿಗೆ ಬಂದು ಒಂದು ಇನ್‌ಲೇ ಆನೆ ತಗೊಂಡ ಫ್ರೆಂಚ್ ಗಿರಾಕಿಯಿಂದ ಇವನ ಕಾಂಪೋಸಿಷನ್ನೇ ಹೋಗುತ್ತಾ? ಯಾವನೋ ಒಬ್ಬ ಇನ್ಸ್‌ಪೆಕ್ಟರ್ ನೋಟಿಸ್ ಕೊಟ್ಮೇಲೆ ಇದನ್ನ ಬಗೆಹರಿಸೋ ಬದಲು ಮೊದಲೇ ಒಂದು ಸಾಲು ಹಾಕಿಬಿಡಿ, ರೀಫಂಡ್ ಸ್ಕೀಮ್‌ಗೆ ತಾವಾಗೇ ರಿಜಿಸ್ಟರ್ ಆದ ಅಂಗಡಿಗಳಿಗೆ ಮಾತ್ರ ಈ ನಿಯಮ, ಉಳಿದವರಿಗೆ ಈಗಿದ್ದ ಹಾಗೇ ಅಂತ. ಅಷ್ಟು ಸೇರಿಸಿ 15ನ್ನ ನೋಟಿಫೈ ಮಾಡಿ ಮೇಡಂ, ಮೊದಲು ನಾಲ್ಕೈದು ಏರ್‌ಪೋರ್ಟಲ್ಲಿ ಶುರು ಮಾಡಿದ್ರೂ ಪರವಾಗಿಲ್ಲ, ಆದ್ರೆ ಆ ಲಿಸ್ಟ್‌ನಲ್ಲಿ ಬೆಂಗಳೂರು ಇರ್ಲಿ.

ಇತಿ ನಿಮ್ಮ ವಿಶ್ವಾಸಿ,
ಮೈಸೂರಿನ ಒಬ್ಬ ಲೆಕ್ಕದವನು