ನಾಲ್ಕೇ ಮಾತಿನ ಅಜ್ಜಿ ಪಾತ್ರ

ಮಾಗಡಿ,
ಭಾನುವಾರ ಬೆಳಿಗ್ಗೆ

ಪುಟ್ಟೀ,

ಮೊನ್ನೆ ಫೋನಿನಲ್ಲಿ ನೀನು ಅತ್ತಿದ್ದನ್ನು ನಿಮ್ಮಮ್ಮನಿಗೆ ಹೇಳಿಲ್ಲ. ಅವಳಿಗೆ ನೆಗಡಿಯಂತೆ ಅಂದೆ. ನಂಬಿದ ಹಾಗೆ ಕಾಣಲಿಲ್ಲ. "ಇಪ್ಪತ್ನಾಲ್ಕಕ್ಕೇ ಅಜ್ಜಿ ಪಾತ್ರ ಅಪ್ಪಾ, ಅದೂ ನಾಲ್ಕೇ ಮಾತು" ಅಂದೆಯಲ್ಲ, ಆಗ ನನಗೇನೂ ತೋಚಲಿಲ್ಲ. ಫೋನಿನಲ್ಲಿ ನನಗೆ ಮಾತೇ ಹೊರಡುವುದಿಲ್ಲ. ಅದಕ್ಕೇ ಈ ಕಾಗದ.

ನಮ್ಮ ಸಾವನದುರ್ಗದಲ್ಲಿ ಇಂಗ್ಲಿಷ್ ಸಿನಿಮಾ ಶೂಟಿಂಗ್ ಆದ ಕಥೆ ತೆಗೆದರೆ ಸಾಕು, ಶುರುವಾಯ್ತು ಅಪ್ಪನ ಪುರಾಣ ಅನ್ನುತ್ತಿದ್ದೆ. ಇಂಗ್ಲಿಷ್ ನಿರ್ದೇಶಕ ಡೇವಿಡ್ ಲೀನ್ 'ಎ ಪ್ಯಾಸೇಜ್ ಟು ಇಂಡಿಯಾ' ತೆಗೆಯುವಾಗ, ಕಥೆಯಲ್ಲಿ ಬರುವ ಗುಹೆಗಳಿಗೆ ಬಿಹಾರದ ಬರಾಬರ್ ಬೆಟ್ಟ ಒಗ್ಗದೆ, ಸಾವನದುರ್ಗಕ್ಕೂ ರಾಮದೇವರ ಬೆಟ್ಟಕ್ಕೂ ಬಂದ. ಇಲ್ಲದ ಗುಹೆಗೆ ಬಂಡೆಯಲ್ಲಿ ಬಾಯಿ ಕೊರೆಸಿದ. ನಾವು ಕಾಲೇಜು ಹುಡುಗರು ಸೈಕಲ್ ತುಳಿದುಕೊಂಡು ಹೋದೆವು, ಕಂಡದ್ದು ಲಾರಿ ಮತ್ತು ಜನರೇಟರು ಅಷ್ಟೇ. ಆ ಸಿನಿಮಾದ ಅಜ್ಜಿ, ಮಿಸೆಸ್ ಮೂರ್ ಪಾತ್ರ ಮಾಡಿದ ಪೆಗ್ಗಿ ಆಶ್‌ಕ್ರಾಫ್ಟ್ ವಿಷಯ ಮಾತ್ರ ನಿನಗೆ ಹೇಳಿದ ನೆನಪಿಲ್ಲ.

1907ರಲ್ಲಿ ಲಂಡನ್ ಪಕ್ಕದ ಕ್ರಾಯ್ಡನ್‌ನಲ್ಲಿ ಹುಟ್ಟಿದವರು. ಹತ್ತು ವರ್ಷದ ಹುಡುಗಿಯಾಗಿದ್ದಾಗ ಅಪ್ಪ ಯುದ್ಧದಲ್ಲಿ ತೀರಿಕೊಂಡರು. ನಾಟಕ ಶಾಲೆಯಲ್ಲಿ, ಮುಂದೆ ದೊಡ್ಡ ನಟನಾದ ಲಾರೆನ್ಸ್ ಒಲಿವಿಯರ್ ಸಹಪಾಠಿ. 1926ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ರಂಗ ಹತ್ತಿದರು. 1930ರಲ್ಲಿ, ಹೆಚ್ಚುಕಡಿಮೆ ನಿನ್ನ ವಯಸ್ಸಿನಲ್ಲಿ, ಕರಿಯ ನಟ ಪಾಲ್ ರೋಬ್ಸನ್ ಷೇಕ್ಸ್‌ಪಿಯರನ ಒಥೆಲೊ ಆದಾಗ ಇವರು ಅವನ ಹೆಂಡತಿ ಡೆಸ್ಡಿಮೋನಾ. ಬಿಳಿ ಹುಡುಗಿ ಕರಿಯನ ಜೊತೆ ನಟಿಸಿದಳೆಂದು ಬೈಗುಳದ ಕಾಗದಗಳು ಬಂದವು. 1935ರಲ್ಲಿ ಜೂಲಿಯೆಟ್. ಒಲಿವಿಯರ್ ಮತ್ತು ಇನ್ನೊಬ್ಬ ನಟ ಗೀಲ್‌ಗುಡ್ ಸರದಿಯ ಮೇಲೆ ರೋಮಿಯೊ ಆಗುತ್ತಿದ್ದರು, ಜೂಲಿಯೆಟ್ ಮಾತ್ರ ಒಬ್ಬಳೇ.

ಅದೇ ವರ್ಷ ಹಿಚ್‌ಕಾಕ್‌ನ 'ದಿ 39 ಸ್ಟೆಪ್ಸ್' ಬಂತು. ಅದನ್ನು ಹುಡುಕಿ ನೋಡು. ಲಂಡನ್ನಿನಲ್ಲಿ ಜೂಲಿಯೆಟ್ ಆಗಿದ್ದಾಕೆ ಇಲ್ಲಿ ಸ್ಕಾಟ್‌ಲೆಂಡಿನ ಕೊಂಪೆಯಲ್ಲಿ ಜಿಪುಣ ಗಂಡನ ಕೈಯಲ್ಲಿ ಸಿಕ್ಕ ರೈತನ ಹೆಂಡತಿ. ಕೆಲವೇ ನಿಮಿಷದ ಪಾತ್ರ. ತಲೆಮರೆಸಿಕೊಂಡ ನಾಯಕ ರಾತ್ರಿ ತಂಗಲು ಬರುತ್ತಾನೆ. ಅವಳು ಅವನನ್ನು ಕೇಳುವುದೇನು ಗೊತ್ತೇ? ಲಂಡನ್ನಿನ ಹೆಂಗಸರು ಕಾಲುಗುರಿಗೆ ಬಣ್ಣ ಹಚ್ಚುತ್ತಾರಂತೆ, ನಿಜವಾ ಅಂತ. ಅವಳು ಕಾಣದ ಪ್ರಪಂಚವೆಲ್ಲ ಆ ಒಂದು ಪ್ರಶ್ನೆಯಲ್ಲಿ ಬಂದುಬಿಡುತ್ತದೆ. ಪೊಲೀಸರು ಬಂದಾಗ ಗಂಡನ ಕೋಟು ಕೊಟ್ಟು ಅವನನ್ನು ಕಳಿಸುತ್ತಾಳೆ. ಮುಂದೆ ಅವನಿಗೆ ಗುಂಡು ಬಿದ್ದಾಗ ಜೀವ ಉಳಿಸುವುದು ಆ ಕೋಟಿನ ಜೇಬಿನಲ್ಲಿದ್ದ ಪ್ರಾರ್ಥನಾ ಗೀತೆಗಳ ಪುಸ್ತಕ. ಅವಳಿಗೆ ಸಿಗುವುದು ಗಂಡನ ಏಟು. ಅಲ್ಲಿಗೆ ಅವಳ ಕೆಲಸ ಮುಗಿಯಿತು, ಕಥೆ ಮುಂದೆ ಓಡುತ್ತದೆ. ನನಗೋ ಸಿನಿಮಾ ಮುಗಿದ ಮೇಲೂ ಅವಳದೇ ಯೋಚನೆ.

ವಯಸ್ಸಿನ ವಿಷಯಕ್ಕೆ ಬಾ. 1963ರಲ್ಲಿ ಸ್ಟ್ರಾಟ್‌ಫರ್ಡ್‌ನಲ್ಲಿ ಷೇಕ್ಸ್‌ಪಿಯರನ ಇತಿಹಾಸ ನಾಟಕಗಳನ್ನು ಸರಣಿಯಾಗಿ ಕಟ್ಟಿದರು. ಅದರಲ್ಲಿ ರಾಣಿ ಮಾರ್ಗರೆಟ್ ಹುಡುಗಿಯಾಗಿ ಬರುತ್ತಾಳೆ, ಎಲ್ಲರಿಗೂ ಶಾಪ ಹಾಕುವ ಮುದುಕಿಯಾಗಿ ಹೋಗುತ್ತಾಳೆ. ಎರಡೂ ಆಶ್‌ಕ್ರಾಫ್ಟೇ. ಆಗ ಅವರಿಗೆ ಐವತ್ತೈದು. ಐವತ್ತೈದರಾಕೆ ಹುಡುಗಿಯಾಗಬಹುದಾದರೆ ಇಪ್ಪತ್ನಾಲ್ಕರ ನಿನಗೆ ಮುಪ್ಪಿನ ಭಯವೇನೇ?

ಸಾವನದುರ್ಗದ ಸಿನಿಮಾಕ್ಕೆ ಕರೆ ಬಂದಾಗ ನನಗೆ ಎಪ್ಪತ್ತೈದು ಅಂತ ಇವರು ಹಿಂಜರಿದರಂತೆ. ನನಗೂ ಅಷ್ಟೇ ಅಂದನಂತೆ ಲೀನ್. ಆ ಪಾತ್ರಕ್ಕೆ 1985ರಲ್ಲಿ ಆಸ್ಕರ್ ಬಂತು. ಇವರು ಹೋಗಲೇ ಇಲ್ಲ, ನಟಿ ಏಂಜೆಲಾ ಲ್ಯಾನ್ಸ್‌ಬರಿ ಇವರ ಪರವಾಗಿ ತೆಗೆದುಕೊಂಡರು. ಎಪ್ಪತ್ತೇಳಕ್ಕೆ ಅದೃಷ್ಟ ಖುಲಾಯಿಸಿತು ಅಂತ ಬರೆಯುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅಷ್ಟು ಹೊತ್ತಿಗೆ ಕ್ರಾಯ್ಡನ್‌ನಲ್ಲಿ ಅವರ ಹೆಸರಿನ ರಂಗಮಂದಿರಕ್ಕೇ ಇಪ್ಪತ್ತು ದಾಟಿತ್ತು. ಅವರೇನು ಸಿನಿಮಾಕ್ಕಾಗಿ ಬಸ್‌ಸ್ಟಾಪಿನಲ್ಲಿ ಕಾಯುತ್ತಾ ಕೂತಿದ್ದರೇ?

ಇನ್ನು ನಿನ್ನ ನಾಲ್ಕು ಮಾತು. ನಮ್ಮಮ್ಮ ನೆಲದಿಂದ ಏಳುತ್ತಿದ್ದದ್ದು ನೆನಪಿದೆಯಾ? ಮೊದಲು ಸೆರಗು ಸರಿಮಾಡಿಕೊಳ್ಳುವುದು, ಆಮೇಲೆ ಎಡಗೈ ನೆಲಕ್ಕೆ, "ಶಿವನೇ" ಅನ್ನುವುದು ಅರ್ಧ ಎದ್ದ ಮೇಲೆ. ನಿಂತಾದ ಮೇಲೆ ಸುಮ್ಮನೆ ಒಂದು ಗಳಿಗೆ ನಿಲ್ಲುತ್ತಿದ್ದಳು, ಯಾತಕ್ಕೆ ಎದ್ದೆ ಅಂತ ಮರೆತವಳ ಹಾಗೆ. ಬೇಕಾದರೆ ಉಪಯೋಗಿಸಿಕೋ.

ನಾಟಕದ ತಾರೀಕು ತಿಳಿಸು, ಇಬ್ಬರೂ ಬರುತ್ತೇವೆ. ಇದನ್ನು ಮಡಿಸುತ್ತಿರುವಾಗ ನಿಮ್ಮಮ್ಮ ಬಾಗಿಲಲ್ಲಿ ನಿಂತು, "ಅವಳ ನೆಗಡಿಗೆ ಇಷ್ಟುದ್ದದ ಔಷಧಿಯೇನ್ರೀ?" ಅಂತ ಕೇಳಿ ಒಳಗೆ ಹೋದಳು.

ಇಂತಿ,
ನಿನ್ನ ಅಪ್ಪ