ಮಗಳಿಗೊಂದು ಪತ್ರ: ಫೈಲು ನಿನ್ನ ಕೈಯಲ್ಲೇ ಇರಲಿ

ಪುಟ್ಟಿ,

ಹೊರದೇಶದಲ್ಲಿ ನರ್ಸ್ ಆಗಲು ಬೇಕಾದ ಲೈಸೆನ್ಸಿನ ಕೆಲಸವನ್ನೆಲ್ಲ ಏಜೆಂಟರಿಗೆ ದುಡ್ಡು ಕೊಟ್ಟು ಒಪ್ಪಿಸಿಬಿಡುತ್ತೇನೆ, ಪರೀಕ್ಷೆ ಬರೆಯೋದು ಮಾತ್ರ ನನ್ನ ಕೆಲಸ ಅಂತ ಬರೆದಿದ್ದೀಯಲ್ಲ, ಅದನ್ನು ಓದಿದ ಮೇಲೆ ನನಗೆ ಸಮಾಧಾನವೇ ಇಲ್ಲ. ನೀನು ಹೋಗುವುದಕ್ಕೆ ನನ್ನ ಅಡ್ಡಿ ಇಲ್ಲ. ಖಂಡಿತ ಹೋಗು. ಆದರೆ ಈ ಕೆಲಸವನ್ನು ಪೂರ್ತಿ ಬೇರೆಯವರ ಕೈಗೆ ಬಿಡಬೇಡ. ನಾನೂ ಇಷ್ಟು ವರ್ಷ ವಾರ್ಡಿನಲ್ಲೇ ಕಳೆದವಳು, ನನ್ನ ಜೊತೆ ನೈಟ್ ಡ್ಯೂಟಿ ಮಾಡಿದ ಎಷ್ಟೋ ಹುಡುಗಿಯರು ಹೊರದೇಶಕ್ಕೆ ಹೋಗಿದ್ದಾರೆ. ತಮ್ಮ ಪೇಪರ್ ಯಾವ ಆಫೀಸಿನಲ್ಲಿ, ಯಾಕೆ ನಿಂತಿದೆ ಅಂತ ಗೊತ್ತಿದ್ದವರು ತಡವಾದರೂ ದಾಟಿದರು. ಗೊತ್ತಿಲ್ಲದವರು "ಆಗುತ್ತೆ ಸಿಸ್ಟರ್, ಪ್ರೋಸೆಸ್‌ನಲ್ಲಿದೆ" ಅನ್ನೋ ಮಾತನ್ನೇ ನಂಬಿಕೊಂಡು ಕೂತರು.

ಹೊರದೇಶದ ಲೈಸೆನ್ಸ್ ಅಂದರೆ ಎಲ್ಲರೂ ಪರೀಕ್ಷೆಯ ಮಾತೇ ಆಡುತ್ತಾರೆ. ಲೈಸೆನ್ಸ್ ಕೊಡುವವರು ಕೇಳೋದು ಅದೊಂದನ್ನೇ ಅಲ್ಲ. ನೀನು ಓದಿದೆ ಅಂತ ಹೇಳೋದು ನಿಜವಾ, ರೋಗಿ ಹೇಳಿದ್ದು ನಿನಗೆ ಅರ್ಥ ಆಗುತ್ತಾ, ನಮ್ಮ ವಾರ್ಡಿನಲ್ಲಿ ನಿನ್ನನ್ನು ಒಬ್ಬಳೇ ಬಿಟ್ಟರೆ ರೋಗಿಗೆ ಅಪಾಯ ಇಲ್ಲ ತಾನೇ? ಯಾವ ದೇಶಕ್ಕೆ ಹೋದರೂ ತಿರುಗಿಸಿ ಮುರುಗಿಸಿ ಇದನ್ನೇ ಕೇಳುತ್ತಾರೆ. ಕೇಳುವ ಕ್ರಮ ಮಾತ್ರ ಬೇರೆ. ಹಾಗಾಗಿ ಮೊದಲು ದೇಶ ಗಟ್ಟಿ ಮಾಡಿಕೋ, ಆಮೇಲೆ ಪುಸ್ತಕ ತಗೋ.

ಅಮೆರಿಕ ಅಂದೆಯಲ್ಲ, ಅಲ್ಲಿ ಇಡೀ ದೇಶಕ್ಕೆ ಅಂತ ಒಂದು ಲೈಸೆನ್ಸ್ ಇಲ್ಲ. ಒಂದೊಂದು ರಾಜ್ಯಕ್ಕೂ ಅದರದೇ ನರ್ಸಿಂಗ್ ಬೋರ್ಡ್, ಅದರದೇ ನಿಯಮ. ಪರೀಕ್ಷೆ ಮಾತ್ರ ಎಲ್ಲರಿಗೂ ಎನ್‌ಕ್ಲೆಕ್ಸ್. ಕೆಲವು ರಾಜ್ಯಗಳು ಅಲ್ಲಿನ ಸರ್ಕಾರ ಕೊಡುವ ಸೋಶಿಯಲ್ ಸೆಕ್ಯುರಿಟಿ ನಂಬರ್ ಇಲ್ಲದೆ ಲೈಸೆನ್ಸ್ ಕೊಡೋದಿಲ್ಲ, ಹೊರಗಿನಿಂದ ಅರ್ಜಿ ಹಾಕುವವರ ಹತ್ತಿರ ಅದು ಎಲ್ಲಿಂದ ಬರಬೇಕು? ಅದಕ್ಕೇ ರಾಜ್ಯ ಆರಿಸುವಾಗಲೇ ಇದನ್ನು ನೋಡಿಕೋ. ಲೈಸೆನ್ಸ್ ಬಂತು ಅಂದರೆ ವೀಸಾ ಬಂತು ಅಂತಲೂ ಅಲ್ಲ. ಅದಕ್ಕೆ ನಿನ್ನ ಓದು, ಲೈಸೆನ್ಸ್, ಇಂಗ್ಲಿಷ್ ಎಲ್ಲ ಪರಿಶೀಲಿಸಿ ಕೊಡುವ ವೀಸಾಸ್ಕ್ರೀನ್ ಅನ್ನೋ ಸರ್ಟಿಫಿಕೇಟ್ ಬೇರೆ ಬೇಕು, ಗ್ರೀನ್ ಕಾರ್ಡಿನ ಸಾಲು ಬೇರೆ, ಆ ಸಾಲು ಎಷ್ಟು ಉದ್ದ ಅನ್ನೋದು ನಿನ್ನ ಮಾರ್ಕ್ಸ್ ಮೇಲೆ ನಿಂತಿಲ್ಲ.

ಬ್ರಿಟನ್‌ನಲ್ಲಿ ಇಡೀ ದೇಶಕ್ಕೆ ಎನ್‌ಎಂಸಿ ಅನ್ನೋ ನರ್ಸಿಂಗ್ ಕೌನ್ಸಿಲ್ ಒಂದೇ. ಅಲ್ಲಿ ಮೊದಲು ಸಿಬಿಟಿ, ಅಂದರೆ ಕಂಪ್ಯೂಟರ್ ಪರೀಕ್ಷೆ, ಆಮೇಲೆ ಅಲ್ಲಿಗೇ ಹೋಗಿ ಆಸ್ಕಿ, ಅಂದರೆ ಕೆಲಸ ಮಾಡಿ ತೋರಿಸುವ ಪರೀಕ್ಷೆ. ಜರ್ಮನಿಯಲ್ಲಿ ದೊಡ್ಡ ಬೆಟ್ಟ ಭಾಷೆಯೇ. ಸಾಮಾನ್ಯವಾಗಿ ಬಿ2 ಮಟ್ಟದ ಜರ್ಮನ್ ಕೇಳುತ್ತಾರೆ, ನಿನ್ನ ಓದಿನಲ್ಲಿ ಏನು ಕಡಿಮೆ ಬಿತ್ತು ಅಂತ ಬರೆದು ಕೊಡುತ್ತಾರೆ, ಅದನ್ನು ತುಂಬಲು ಪರೀಕ್ಷೆ ಬರೆಯಬೇಕು ಇಲ್ಲಾ ಅಲ್ಲೇ ತರಬೇತಿ ಮುಗಿಸಬೇಕು. ಗಲ್ಫ್ ಆದರೆ ಪೇಪರ್ ಪರಿಶೀಲಿಸುವ ಡೇಟಾಫ್ಲೋ, ಆಮೇಲೆ ಪ್ರೊಮೆಟ್ರಿಕ್ ಅನ್ನೋ ಕಂಪ್ಯೂಟರ್ ಪರೀಕ್ಷೆ, ನಿನ್ನ ಗೆಳತಿಯರಿಂದ ಕೇಳಿಯೇ ಇರುತ್ತೀಯ. ಮನಸ್ಸು ಇನ್ನೂ ಅತ್ತಿತ್ತ ಇದ್ದರೆ ಎನ್‌ಕ್ಲೆಕ್ಸ್ ಕಡೆ ವಾಲು ಅನ್ನೋದು ನನ್ನ ಅಭಿಪ್ರಾಯ. ಕೆನಡಾದ ಹೆಚ್ಚಿನ ಕಡೆ 2015ರಿಂದ ಅದೇ ಪರೀಕ್ಷೆ. ಆಸ್ಟ್ರೇಲಿಯಾ ಕೂಡ 2020ರಿಂದ ಹೊರಗೆ ಓದಿದ ಬಹಳಷ್ಟು ನರ್ಸ್‌ಗಳಿಗೆ ಅದನ್ನೇ ಇಟ್ಟಿದೆ, ಅದರ ಮೇಲೆ ಆಸ್ಕಿ.

ಇನ್ನು ಪೇಪರ್ ವಿಷಯ. ಜಾಸ್ತಿ ಜನ ಸಿಕ್ಕಿಬೀಳೋದು ಇಲ್ಲೇ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ.

ನಿನ್ನ ಪಾಸ್‌ಪೋರ್ಟ್, ಮಾರ್ಕ್ಸ್ ಕಾರ್ಡ್, ಡಿಗ್ರಿ, ನರ್ಸಿಂಗ್ ಕೌನ್ಸಿಲ್ ರಿಜಿಸ್ಟ್ರೇಷನ್ ನಾಲ್ಕನ್ನೂ ಒಂದು ಮೇಜಿನ ಮೇಲೆ ಹರಡಿ ಹೆಸರನ್ನು ಅಕ್ಷರ ಅಕ್ಷರ ಹೋಲಿಸಿ ನೋಡು. ಒಂದರಲ್ಲಿ ಇನಿಶಿಯಲ್ ಇರುತ್ತದೆ, ಇನ್ನೊಂದರಲ್ಲಿ ಅದೇ ಇನಿಶಿಯಲ್ ಬಿಡಿಸಿ ಪೂರ್ತಿ ಹೆಸರಾಗಿರುತ್ತದೆ, ಮತ್ತೊಂದರಲ್ಲಿ ಒಂದು ಎಚ್ ಅಕ್ಷರ ಜಾಸ್ತಿ. ನಮಗೆ ಅದು ಏನೂ ಅಲ್ಲ. ಅಲ್ಲಿ ಕೂತು ಫೈಲು ನೋಡುವವರಿಗೆ ಅವು ಇಬ್ಬರು ಬೇರೆ ಬೇರೆ ಹೆಣ್ಣುಮಕ್ಕಳು. ಎನ್‌ಕ್ಲೆಕ್ಸ್‌ಗೆ ಹೆಸರು ಕೊಟ್ಟ ಮೇಲೆ ಎಟಿಟಿ ಅಂತ ಒಂದು ಒಪ್ಪಿಗೆ ಬರುತ್ತದೆ, ಅದರಲ್ಲಿರುವ ಹೆಸರೂ ನೀನು ತೋರಿಸುವ ಪಾಸ್‌ಪೋರ್ಟಿನ ಹೆಸರೂ ಹೊಂದದಿದ್ದರೆ ಪರೀಕ್ಷಾ ಕೇಂದ್ರದ ಬಾಗಿಲಿನಿಂದಲೇ ವಾಪಸ್. ಏನೇ ತಿದ್ದುಪಡಿ ಇದ್ದರೂ ಅರ್ಜಿ ಹಾಕುವ ಮೊದಲೇ ಮಾಡಿಸು.

ಆಮೇಲೆ ಟ್ರಾನ್ಸ್‌ಕ್ರಿಪ್ಟ್. ಮಾರ್ಕ್ಸ್ ಕಾರ್ಡಿನ ಜೆರಾಕ್ಸ್ ಅಂದುಕೊಂಡಿದ್ದರೆ ಅದು ಸಾಲದು. ಯಾವ ವಿಷಯಕ್ಕೆ ಎಷ್ಟು ಗಂಟೆ ಕ್ಲಾಸು, ಎಷ್ಟು ಗಂಟೆ ವಾರ್ಡು ಅಂತ ಬೇರೆ ಬೇರೆಯಾಗಿ ಕೇಳುತ್ತಾರೆ. ದೊಡ್ಡವರ ವಾರ್ಡು, ಮಕ್ಕಳ ವಾರ್ಡು, ಹೆರಿಗೆ, ಮಾನಸಿಕ ಆರೋಗ್ಯ, ಒಂದೊಂದಕ್ಕೂ. ಕಾಲೇಜು ಆಫೀಸಿನವರು ಅವಸರದಲ್ಲಿ ಎಲ್ಲ ಕೂಡಿಸಿ ಒಂದೇ ಮೊತ್ತ ಬರೆದುಬಿಟ್ಟರೆ, ನೀನು ಸೈಕಿಯಾಟ್ರಿ ಪೋಸ್ಟಿಂಗ್ ನಿಜವಾಗಿ ಮಾಡಿದ್ದರೂ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ನಿನ್ನ ಹಳೆಯ ಪೋಸ್ಟಿಂಗ್ ರೆಕಾರ್ಡ್ ಬುಕ್ ಹುಡುಕಿ ಇಟ್ಟುಕೋ, ಎಸೆದಿಲ್ಲ ತಾನೇ? ಈ ಫಾರಂ ಕಾಲೇಜಿನಿಂದಲೇ ನೇರ ಹೋಗಬೇಕು, ನೀನು ಕಳಿಸಿದರೆ ತಗೊಳ್ಳುವುದಿಲ್ಲ. ಕೌನ್ಸಿಲ್ಲಿನ ವೆರಿಫಿಕೇಷನ್ನೂ ಅಷ್ಟೇ. ನಿನ್ನ ಕೈಲಿರೋದು ಬೆನ್ನು ಹತ್ತುವುದು ಮಾತ್ರ, ಆದರೆ ಬೆನ್ನು ಹತ್ತಲೇಬೇಕು. ಇಲ್ಲಿನ ರಿಜಿಸ್ಟ್ರೇಷನ್ ರಿನ್ಯೂವಲ್ ತಪ್ಪದಂತೆ ನೋಡಿಕೋ. ಕೆಲಸ ಬಿಡುವ ಪ್ರತಿ ಆಸ್ಪತ್ರೆಯಿಂದಲೂ ಬಿಡುವ ಮೊದಲೇ ಅನುಭವ ಪತ್ರ ತಗೋ, ಅದರಲ್ಲಿ ಯಾವ ವಾರ್ಡು, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ವಾರಕ್ಕೆ ಎಷ್ಟು ಗಂಟೆ, ಎಲ್ಲ ಬರೆದಿರಬೇಕು. ನಿನ್ನನ್ನು ಬಲ್ಲ ಮೇಟ್ರನ್ ಬದಲಾದ ಮೇಲೆ ಸಹಿಗೆ ಅಲೆಯೋದು ಯಾರಿಗೆ ಬೇಕು.

ಇಂಗ್ಲಿಷ್ ಪರೀಕ್ಷೆಯನ್ನು ಈಗಲೇ ಬರೆದು ಮುಗಿಸುತ್ತೇನೆ ಅನ್ನಬೇಡ. ಐಇಎಲ್‌ಟಿಎಸ್ ಆಗಲಿ ಒಇಟಿ ಆಗಲಿ, ಅದರ ಫಲಿತಾಂಶ ಸಾಮಾನ್ಯವಾಗಿ ಎರಡು ವರ್ಷ ಮಾತ್ರ ನಡೆಯುತ್ತದೆ. ಪೇಪರ್ ಅಲೆದಾಟದಲ್ಲೇ ಆ ಎರಡು ವರ್ಷ ಕರಗಿ ಮತ್ತೆ ಬರೆಯುವ ಪಾಡು ಬೇಡ. ನಿನಗೆ ಒಇಟಿ ಹೊಂದುತ್ತದೆ ಅಂತ ನನಗೆ ಅನ್ನಿಸುತ್ತದೆ. ಅದರಲ್ಲಿ ಕೇಸ್ ನೋಟ್ಸ್ ಕೊಟ್ಟು ರೆಫರಲ್ ಅಥವಾ ಡಿಸ್ಚಾರ್ಜ್ ಪತ್ರ ಬರೆಸುತ್ತಾರೆ, ಅದು ನಮ್ಮ ಕೆಲಸವೇ ಅಲ್ವಾ. ಎನ್‌ಎಂಸಿಗೆ ಒಇಟಿಯಲ್ಲಿ ಓದು, ಕೇಳು, ಮಾತು ಮೂರಕ್ಕೂ ಬಿ ಗ್ರೇಡ್, ಬರವಣಿಗೆಗೆ ಸಿ ಪ್ಲಸ್ ಸಾಕು. ಐಇಎಲ್‌ಟಿಎಸ್ ಆದರೆ 7, ಬರವಣಿಗೆಗೆ 6.5.

ಎನ್‌ಕ್ಲೆಕ್ಸ್‌ಗೆ ಸೀನಿಯರ್‌ಗಳ ಹಳೆಯ ನೋಟ್ಸ್ ಇಟ್ಟುಕೊಂಡು ಓದುತ್ತಿದ್ದೇನೆ ಅಂದೆ. 2023ರ ಏಪ್ರಿಲ್‌ನಲ್ಲಿ ಆ ಪರೀಕ್ಷೆಯೇ ಬದಲಾಗಿದೆ, ಅದಕ್ಕಿಂತ ಹಿಂದಿನದನ್ನು ಎತ್ತಿಡು. ಈಗ ಕಡಿಮೆ ಅಂದರೆ 85 ಪ್ರಶ್ನೆ, ಜಾಸ್ತಿ ಅಂದರೆ 150, ಐದು ಗಂಟೆ. ಒಬ್ಬ ರೋಗಿಯ ಕಥೆ ಕೊಟ್ಟು, ಚಾರ್ಟು, ಲ್ಯಾಬ್ ರಿಪೋರ್ಟು ತೋರಿಸಿ, ಅದೇ ರೋಗಿಯ ಮೇಲೆ ಒಂದಾದ ಮೇಲೊಂದು ಆರು ಪ್ರಶ್ನೆ ಕೇಳುತ್ತಾರೆ. ಸರಿ ಉತ್ತರ ಕೊಟ್ಟ ಹಾಗೆ ಮುಂದಿನ ಪ್ರಶ್ನೆ ಕಷ್ಟ ಆಗುತ್ತಾ ಹೋಗುತ್ತದೆ, ಹಿಂದೆ ಹೋಗಿ ತಿದ್ದುವ ಹಾಗಿಲ್ಲ. ಆದ್ದರಿಂದ ಕಷ್ಟ ಆಯಿತು ಅಂತ ಮಧ್ಯದಲ್ಲಿ ಎದೆಗೆಡಬೇಡ. 85ಕ್ಕೇ ಕಂಪ್ಯೂಟರ್ ನಿಂತರೂ ಅದರಿಂದ ಪಾಸೋ ಫೇಲೋ ಹೇಳಲು ಬರುವುದಿಲ್ಲ.

ಅವರು ಕೇಳೋ ರೀತಿ ಹೇಗಿರುತ್ತದೆ ನೋಡು. ಆಪರೇಷನ್ ಆಗಿ ಎರಡನೇ ದಿನದ ರೋಗಿ ನೋವಿಗೆ ಮಾತ್ರೆ ಕೇಳುತ್ತಿದ್ದಾರೆ, ಒಬ್ಬರಿಗೆ ಇವತ್ತು ಡಿಸ್ಚಾರ್ಜ್, ಒಬ್ಬರ ಡ್ರೆಸ್ಸಿಂಗ್ ಬದಲಿಸಬೇಕು, ಇನ್ನೊಬ್ಬರು ಬೆಳಗ್ಗೆ ಚೆನ್ನಾಗಿದ್ದವರು ಈಗ ಚಡಪಡಿಸುತ್ತಿದ್ದಾರೆ, ಎಲ್ಲಿದ್ದೇನೆ ಅನ್ನೋದೇ ತಿಳಿಯುತ್ತಿಲ್ಲ. ಯಾರ ಹತ್ತಿರ ಮೊದಲು ಹೋಗುತ್ತೀಯ? ಗಟ್ಟಿಯಾಗಿ ಕರೆಯುತ್ತಿರುವವರ ಹತ್ತಿರ ಅಲ್ಲ. ಆ ಕೊನೆಯವರ ಹತ್ತಿರ, ಯಾಕೆಂದರೆ ಆಕ್ಸಿಜನ್ ಕಡಿಮೆಯಾದರೆ ಮೊದಲು ಕಾಣೋದು ಆ ಚಡಪಡಿಕೆಯೇ. ಇದು ನಿನಗೆ ಗೊತ್ತು, ವಾರ್ಡಿನಲ್ಲಿ ಎಷ್ಟು ಸಲ ಮಾಡಿದ್ದೀಯ. ಆದರೆ ಸಹಾಯಕರಿಗೆ ಯಾವ ಕೆಲಸ ಕೊಡಬಹುದು, ಯಾವುದು ನೀನೇ ಮಾಡಬೇಕು ಅನ್ನೋದರಲ್ಲಿ ಅವರ ನಿಯಮವನ್ನೇ ಕಲಿ. ರೋಗಿಯ ಸ್ಥಿತಿ ಅಳೆಯೋದು, ತಿಳಿಸಿ ಹೇಳೋದು ನರ್ಸಿನ ಕೆಲಸ, ಅದನ್ನು ಇನ್ನೊಬ್ಬರಿಗೆ ಬಿಡುವ ಹಾಗಿಲ್ಲ. ಅಕಸ್ಮಾತ್ ಆಗಲಿಲ್ಲ ಅಂದರೆ 45 ದಿನ ಬಿಟ್ಟು ಮತ್ತೆ ಬರೆಯಬಹುದು.

ಬ್ರಿಟನ್ ಕಡೆ ಹೊರಟರೆ ಆಸ್ಕಿ ಬಗ್ಗೆ ಒಂದೇ ಮಾತು: ಬಾಯಿ ಬಿಟ್ಟು ಹೇಳು. ಅಲ್ಲಿ ಹತ್ತು ಸ್ಟೇಷನ್, ಅಂದರೆ ಹತ್ತು ಸಣ್ಣ ಸಣ್ಣ ಪರೀಕ್ಷೆ, ಕೆಲವು ಬರವಣಿಗೆಯವು, ಉಳಿದಲ್ಲಿ ನಿನ್ನನ್ನು ನೋಡುತ್ತಾ ಒಬ್ಬರು ಗುರುತು ಹಾಕುತ್ತಿರುತ್ತಾರೆ. ಔಷಧಿ ಕೊಡುವ ಸ್ಟೇಷನ್ ತಗೋ. ಕೈ ತೊಳೆದು, ನಿನ್ನ ಹೆಸರು ಹೇಳಿ, ರೋಗಿಯ ಪೂರ್ತಿ ಹೆಸರು, ಹುಟ್ಟಿದ ತಾರೀಖು ಕೇಳಿ, ಕೈಪಟ್ಟಿಯಲ್ಲಿ ನೋಡಿ, ಚಾರ್ಟಿಗೆ ಹೋಲಿಸಿ, ಅಲರ್ಜಿ ಕೇಳಬೇಕು. ಪೆನಿಸಿಲಿನ್ ಆಗೋದಿಲ್ಲ ಅಂದವರ ಚಾರ್ಟಿನಲ್ಲಿ ಅದೇ ಗುಂಪಿನ ಅಮಾಕ್ಸಿಸಿಲಿನ್ ಬರೆದಿದ್ದರೆ ಅಲ್ಲೇ ನಿಲ್ಲಬೇಕು, ಯಾಕೆ ಕೊಡುತ್ತಿಲ್ಲ ಅಂತ ಹೇಳಬೇಕು, ಬರೆಯಬೇಕು. ನೀನು ಇದನ್ನೆಲ್ಲ ದಿನಾ ಮಾಡುತ್ತೀಯ, ಆದರೆ ಕೈ ಪಳಗಿರೋದರಿಂದ ಮೌನವಾಗಿ ಕಣ್ಣಲ್ಲೇ ಮಾಡಿ ಮುಂದೆ ಹೋಗುತ್ತೀಯ. ಪರೀಕ್ಷಕರಿಗೆ ನಿನ್ನ ಕಣ್ಣಿನೊಳಗಿನದು ಕಾಣುವುದಿಲ್ಲ. ಈಗಿನಿಂದಲೇ ವಾರ್ಡಿನಲ್ಲಿ ಹೇಳಿ ಹೇಳಿ ಮಾಡು, ಪಕ್ಕದವರು ಏನಂದುಕೊಂಡರೂ ಪರವಾಗಿಲ್ಲ.

ಅಲ್ಲಿ ಆಸ್ಕಿ ಪಾಸಾಗಿ ಪಿನ್, ಅಂದರೆ ಎನ್‌ಎಂಸಿ ರಿಜಿಸ್ಟ್ರೇಷನ್ ನಂಬರ್, ಬರುವ ತನಕ ನಿನ್ನನ್ನು ಸ್ಟಾಫ್ ನರ್ಸ್ ಅನ್ನುವುದಿಲ್ಲ. ಸಂಬಳವೂ ಕಡಿಮೆ. ಐಸಿಯು ನೋಡಿಕೊಂಡವಳಿಗೆ ಇನ್ನೊಬ್ಬರ ಕೈಕೆಳಗೆ ನಿಂತು ಬಿಪಿ ಬರೆದುಕೊಳ್ಳೋದು ನೋವಾಗುತ್ತದೆ, ನನಗೆ ಗೊತ್ತು. ನಿನ್ನ ವರ್ಷಗಳು ಎಲ್ಲೂ ಹೋಗಿಲ್ಲ ಮಗಳೇ. ರೋಗಿಯ ಮುಖ ನೋಡಿದ ಕೂಡಲೇ ಏನೋ ಸರಿಯಿಲ್ಲ ಅಂತ ನಿನಗೆ ಹೊಳೆಯುತ್ತದಲ್ಲ, ಅದನ್ನು ಯಾವ ಬೋರ್ಡೂ ಕಿತ್ತುಕೊಳ್ಳೋದಿಲ್ಲ.

ಏಜೆಂಟರೇ ಬೇಡ ಅಂತ ನಾನು ಹೇಳುತ್ತಿಲ್ಲ. ಒಳ್ಳೆಯವರೂ ಇದ್ದಾರೆ. ಆದರೆ ಬ್ರಿಟನ್ ಸರ್ಕಾರದ ನೀತಿಸಂಹಿತೆ ಪ್ರಕಾರ ಕೆಲಸ ಕೊಡಿಸಿದ್ದಕ್ಕೆ ನರ್ಸ್ ಹತ್ತಿರ ಫೀಸು ಕೇಳುವ ಹಾಗೇ ಇಲ್ಲ, ಕೇಳಿದರೆ ಅಲ್ಲೇ ಎದ್ದು ಬಾ. ಎಲ್ಲ ಅರ್ಜಿಗೂ ನಿನ್ನ ಸ್ವಂತ ಇಮೇಲ್ ಕೊಡು, ಪಾಸ್‌ವರ್ಡ್ ನಿನ್ನ ಹತ್ತಿರ ಮಾತ್ರ ಇರಲಿ, ಒರಿಜಿನಲ್ ಸರ್ಟಿಫಿಕೇಟ್ ಯಾರ ಕೈಗೂ ಬಿಡಬೇಡ. ಕಾಂಟ್ರಾಕ್ಟಿನಲ್ಲಿ ಮಧ್ಯದಲ್ಲಿ ಬಿಟ್ಟರೆ ಎಷ್ಟು ಹಿಂದಿರುಗಿಸಬೇಕು ಅನ್ನೋ ಸಾಲು ಹುಡುಕಿ ಓದು, ಸುಮ್ನೆ ಸಹಿ ಹಾಕಬೇಡ. ಅನುಭವ ಒಂದು ವರ್ಷ ಜಾಸ್ತಿ ತೋರಿಸೋಣ ಅಂತ ಯಾರಾದರೂ ಅಂದರೆ ಅವರ ಜೊತೆ ಮತ್ತೆ ಮಾತೇ ಬೇಡ. ಪ್ರತಿ ಆಸ್ಪತ್ರೆಗೂ ಬರೆದು ಕೇಳುತ್ತಾರೆ, ಒಂದು ಸುಳ್ಳು ಸಿಕ್ಕರೆ ಉಳಿದ ನಿಜವೆಲ್ಲ ಮುಳುಗುತ್ತದೆ.

ಈ ವಾರ ಬೇರೇನೂ ಬೇಡ, ಆ ನಾಲ್ಕು ಪೇಪರ್ ಹರಡಿ ಹೆಸರು ನೋಡಿ ನನಗೆ ಫೋಟೋ ಕಳಿಸು. ಕಾಲೇಜಿಗೆ ಬರೆಯುವ ಅರ್ಜಿಯನ್ನು ಕಳಿಸುವ ಮೊದಲು ಒಂದು ಸಲ ನನಗೆ ತೋರಿಸು, ಗಂಟೆಗಳ ಲೆಕ್ಕ ಹೇಗೆ ಬಿಡಿಸಿ ಕೇಳಬೇಕು ಅಂತ ಇಬ್ಬರೂ ಕೂತು ಬರೆಯೋಣ.

ನಿನ್ನ ಅಮ್ಮ