ನೀನು ಹೊರಗೆ ಹೋದ ಮೇಲೆ ಅಜ್ಜ ಹೇಳಿದ್ದು

ಸಾಗರ

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಕಾಗದ ಬಂದು ನಾಲ್ಕು ದಿನವಾಯ್ತು. ಕೆಲಸದ ವಿಷಯ, ಹೊಸ ರೂಮಿನ ವಿಷಯ ಎಲ್ಲ ಓದಿ ಸಂತೋಷವಾಯ್ತು. ಅದಕ್ಕೆಲ್ಲ ಇನ್ನೊಂದು ಸಲ ಬರೆಯುತ್ತೇನೆ. ಕೊನೆಯಲ್ಲಿ ಎರಡು ಸಾಲು ಬರೆದಿದ್ದೀಯಲ್ಲ, 'ಕಣ್ಣು ಮುಚ್ಚಿದರೆ ನೀನು ಯಾರ ಪೈಕಿ ಅಂತ ಕೇಳಿದ ಅಜ್ಜನ ಮುಖ ಮಾತ್ರ ಬರುತ್ತೆ ದೊಡ್ಡಪ್ಪ, ಮೊದಲಿನ ಅಜ್ಜ ಬರೋದೇ ಇಲ್ಲ, ಅವನು ನನ್ನ ಪಾಲಿಗೆ ಹೋಗೇಬಿಟ್ಟನಾ' ಅಂತ, ಅದು ನನ್ನನ್ನು ನಿದ್ದೆ ಮಾಡಲು ಬಿಟ್ಟಿಲ್ಲ. ರಾತ್ರಿ ಎದ್ದು ಕನ್ನಡಕ ಹುಡುಕಿ ಮತ್ತೆ ಓದಿದೆ. ನಿನ್ನ ದೊಡ್ಡಮ್ಮನಿಗೂ ಎಚ್ಚರವಾಗಿ, ಕೇಳಿಸಿಕೊಂಡು, ಅವಳೂ ಸುಮ್ಮನೆ ಕೂತಳು.

ಅಜ್ಜನ ಕಥೆ ನಿನಗೆ ನಾನು ಹೇಳಬೇಕಾಗಿಲ್ಲ. ಮುಳುಗಡೆ, ಲಾರಿ, ಕಾಡಿನ ಮಧ್ಯೆ ಸೋಗೆ ಗುಡಿಸಲು, ಏಳು ಮಕ್ಕಳು, ಎಲ್ಲ ನಮ್ಮ ಜಗಲಿಯಲ್ಲಿ ಕೂತು ಕೇಳಿದವಳೇ ನೀನು. ನಿನಗೆ ಗೊತ್ತಿಲ್ಲದ್ದು ಒಂದಿದೆ. ಮರೆವು ಹತ್ತಿದ್ದ ಅಜ್ಜನನ್ನು ನೋಡಲು ನೀನು ಬಂದಿದ್ದೆಯಲ್ಲ, ಅವತ್ತೇ ಹೇಳಬೇಕಿತ್ತು.

ನೀನು ಮಂಚದ ಅಂಚಿಗೆ ಕೂತು ಕೈ ಹಿಡಿದುಕೊಂಡೆ. ಅಜ್ಜ ಮುಖ ನೋಡಿ 'ಯಾರ ಪೈಕಿ ಆತು ನೀನು?' ಅಂದ. ನೀನು ವೇಲನ್ನು ಬಾಯಿಗೆ ಒತ್ತಿಕೊಂಡು ಎದ್ದು ಹೋದೆ. ನಾನು ಬಾಗಿಲ ಹತ್ತಿರವೇ ನಿಂತಿದ್ದೆ. ನೀನು ಹೊಸ್ತಿಲು ದಾಟಿದ ಮೇಲೆ ಅಜ್ಜ ನನ್ನ ಕಡೆ ತಿರುಗಿ, 'ಬಿಸಿಲಲ್ಲಿ ನಡ್ಕಂಡು ಬಂದದೆ ಕೂಸು. ನೀರು ಬೆಲ್ಲ ಕೊಡ್ರಾ. ಊಟ ಮಾಡ್ಸದೆ ಕಳಿಸಬ್ಯಾಡಿ' ಅಂದ. ಎರಡು ಸಲ ಅಂದ. ನಾನು ಹ್ಞೂಂ ಅನ್ನುವ ತನಕ ನನ್ನ ಮುಖದಿಂದ ಕಣ್ಣು ತೆಗೆಯಲಿಲ್ಲ.

ನಿನ್ನ ಗುರುತು ಸಿಕ್ಕಿತ್ತು ಅಂತ ಸುಳ್ಳು ಹೇಳಿ ಸಮಾಧಾನ ಮಾಡಲಾರೆ. ಸಿಕ್ಕಿರಲಿಲ್ಲ. ಗುರುತಿಲ್ಲದ ಹುಡುಗಿಯೊಬ್ಬಳು ಮನೆಗೆ ಬಂದಿದ್ದಾಳೆ ಅಂತಲೇ ಅವನ ಲೆಕ್ಕ. ಆದರೆ ಅವಳಿಗೆ ನೀರು ಬೆಲ್ಲ ಆಯ್ತಾ, ಊಟ ಆಯ್ತಾ ಅಂತ ಒದ್ದಾಡಿದವನು ಯಾರು ಹೇಳು? ನೀನು ಮೊದಲಿನ ಅಜ್ಜ ಅನ್ನುತ್ತೀಯಲ್ಲ, ಅವನೇ. ನೀನು ಆ ಮಾತಿನ ಅರ್ಧ ಮಾತ್ರ ಹೊತ್ತುಕೊಂಡು ಬೆಂಗಳೂರಿಗೆ ಹೋದೆ. ಉಳಿದರ್ಧ ನನ್ನ ಹತ್ತಿರ ಇತ್ತು. ಅವತ್ತು ಡಾಕ್ಟರ ಚೀಟಿ, ಮಾತ್ರೆ, ಬಂದುಹೋಗುವ ನೆಂಟರು ಅಂತ ನನ್ನ ತಲೆಯೂ ಕೆಟ್ಟಿತ್ತು, ಆಮೇಲೆ ಮರೆತೆ. ತಪ್ಪು ನನ್ನದು.

ನಿನಗೆ ಕಾಡುವ ಹಾಗೆ ನನಗೂ ಒಂದು ಮುಖ ಇದೆ ಪುಟ್ಟಿ. ನಿನ್ನಪ್ಪನಿಗೂ ಹೇಳಿಲ್ಲ.

ಕೊನೆಯ ಎರಡು ವರ್ಷ ಸಂಜೆಯಾದರೆ ನಿನ್ನ ಅಜ್ಜ, ನನ್ನ ಅಪ್ಪಯ್ಯ, ಟವೆಲು ಹೆಗಲಿಗೆ ಹಾಕಿ ಕೋಲು ಹಿಡಿದು 'ಹೊತ್ತಾತು, ಮನೆಗೆ ಹೋಗ್ತಿ' ಅಂತ ಹೊರಡುತ್ತಿದ್ದ. ಯಾವ ಮನೆ ಅಂತ ನಮಗೆ ಗೊತ್ತು. ಊರು ಮುಳುಗಿಸಿದ ಲಿಂಗನಮಕ್ಕಿ ಅಣೆಕಟ್ಟೆ ಕಟ್ಟಿ ಮುಗಿದದ್ದು 1964ರಲ್ಲಿ, ನಮ್ಮನ್ನು ಎಬ್ಬಿಸಿದ್ದು ಅದಕ್ಕೂ ಮೊದಲು. ಹಂಚು, ಬಾಗಿಲು, ತೊಲೆ ಬಿಚ್ಚಿ ಲಾರಿಗೆ ಹೇರಿದ್ದನ್ನು ಹತ್ತು ವರ್ಷದವನಾಗಿ ನಾನೇ ನೋಡಿದ್ದೇನೆ. ಒಂದು ಸಂಜೆ ಮಳೆ ಹೊಯ್ಯುತ್ತಿತ್ತು, ಕರೆಂಟಿಲ್ಲ, ಮೂರನೇ ಸಲ ಹೊರಟಿದ್ದ. ನಾನು ತೋಳು ಹಿಡಿದೆಳೆದು 'ಆ ಮನೆ ಮುಳುಗಿ ಅರವತ್ತು ವರ್ಷ ಆತು!' ಅಂತ ಕೂಗಿಬಿಟ್ಟೆ.

ಅವನಿಗೆ ಅದು ಅವತ್ತಿನ ಸುದ್ದಿ. ಕೋಲು ಕೈಯಿಂದ ಜಾರಿತು. ಸ್ವಲ್ಪ ಹೊತ್ತು ನನ್ನನ್ನೇ ನೋಡಿ, 'ದನ ಬಿಚ್ಚಿದ್ರಾ?' ಅಂತ ಕೇಳಿದ.

ಆ ಮುಖ ನನಗೆ ಇವತ್ತಿಗೂ ಬರುತ್ತದೆ. ನಲವತ್ತು ವರ್ಷ ಮೇಷ್ಟ್ರಾಗಿ ಕೂಗಿದ ಬಾಯಿ, ಎಲ್ಲಿ ಕೂಗಬಾರದೋ ಅಲ್ಲಿ ಕೂಗಿತು.

ಮಾರನೇ ಸಂಜೆಯಿಂದ ನಾನೇ ಟಾರ್ಚು ಹಿಡಿದು ಜೊತೆಗೆ ಹೊರಡುತ್ತಿದ್ದೆ. ಬೇಲಿಯ ದಣಪೆ ದಾಟಿ ಹಲಸಿನ ಮರದ ತನಕ ಹೋಗಿ, ಅಲ್ಲೇ ತಿರುಗಿ ವಾಪಸು ಬಂದು, 'ಬಂತು ನೋಡು ಅಪ್ಪಯ್ಯ ಮನೆ' ಅನ್ನುತ್ತಿದ್ದೆ. ಅವನು ಬಾನಿಯಿಂದ ತಂಬಿಗೆಯಲ್ಲಿ ನೀರು ಮೊಗೆದು ಕಾಲಿಗೆ ಹೊಯ್ದುಕೊಂಡು, ಒಂದು ಹಿಮ್ಮಡಿಯಿಂದ ಇನ್ನೊಂದರ ಕೆಸರು ತಿಕ್ಕಿ, 'ಸದ್ಯ, ಬಂದ್ವಲ' ಅಂತ ಒಳಗೆ ಬರುತ್ತಿದ್ದ. ಮೊದಲೇ ಹಾಗೆ ಮಾಡಬಹುದಿತ್ತಲ್ಲ, ಬುದ್ಧಿ ಬರಲಿಲ್ಲ.

ನನ್ನನ್ನು ಕಾಡುವ ಮುಖ ಹೋಗಿದೆಯಾ ಅಂದರೆ ಹೋಗಿಲ್ಲ. ಆದರೆ ಈಗ ಅದೊಂದೇ ಬರುವುದಿಲ್ಲ. ಅದರ ಬೆನ್ನಿಗೇ ಕಾಲು ತೊಳೆದು ಒಳಗೆ ಬರುವ ಅಪ್ಪಯ್ಯನೂ ಬರುತ್ತಾನೆ. ಅದಕ್ಕೇ ನಿನಗೆ ಹೇಳುವುದು, 'ಯಾರ ಪೈಕಿ' ಅಂತ ಕಿವಿಯಲ್ಲಿ ಬಂದಾಗ ಕಿವಿ ಮುಚ್ಚಬೇಡ, ಅದರ ಮುಂದಿನ ಮಾತನ್ನೂ ಕೇಳು. ನಾನು ಕಿವಿಯಾರೆ ಕೇಳಿದ್ದು. ಇದರಿಂದ ಎಷ್ಟು ಉಪಯೋಗವೋ ಗೊತ್ತಿಲ್ಲ ಮಗಳೇ, ನನ್ನ ಹತ್ತಿರ ಇರುವುದು ಇಷ್ಟೇ.

ಊರಿನ ವಿಷಯದಲ್ಲೂ ನನಗೆ ಹೀಗೇ ಆಗಿತ್ತು. ತುಂಬಾ ವರ್ಷ ನಮ್ಮ ಹಳೇ ಮನೆ ಅಂದರೆ ಹಂಚು ಬಿಚ್ಚಿದ ದಿನದ ಬೋಳು ಗೋಡೆಯೇ ಕಣ್ಣಿಗೆ ಬರುತ್ತಿತ್ತು. ಸಿಗಂದೂರಿಗೆ ಹೋಗುವಾಗ ಅಂಬಾರಗೋಡ್ಲಿನಲ್ಲಿ ಲಾಂಚು ಹತ್ತಿದ ಕೂಡಲೇ ಅಪ್ಪಯ್ಯ ಕಟಕಟೆ ಹಿಡಿದು ನೀರು ನೋಡುತ್ತಾ ನಿಲ್ಲುತ್ತಿದ್ದ. ಗದ್ದೆ ಎಲ್ಲಿ, ಹೊಳೆ ದಾಟುವ ಜಾಗ ಎಲ್ಲಿ, ಯಾರ ಕೊಟ್ಟಿಗೆಯ ಹಿಂದೆ ಅಪ್ಪೆಮಿಡಿ ಮರ, ಒಂದೊಂದೇ ಹೇಳುತ್ತಿದ್ದ. ಅವನು ಹೇಳುತ್ತಾ ಹೇಳುತ್ತಾ ನನ್ನ ಕಣ್ಣಲ್ಲಿ ಆ ಗೋಡೆಗೆ ಮತ್ತೆ ಹಂಚು ಬಂತು. ಹುಡುಗನಾಗಿದ್ದಾಗ ಹಿರೇಭಾಸ್ಕರ ಅಣೆಕಟ್ಟೆಗೆ ಕೂಲಿ ಹೋಗಿದ್ದನಲ್ಲ, 1948ರಲ್ಲಿ ಆದ ಆ ಅಣೆಕಟ್ಟೆಯೂ ಲಿಂಗನಮಕ್ಕಿಯ ನೀರಿಗೇ ಹೋಯಿತು. ಬೇಸಿಗೆಯಲ್ಲಿ ನೀರು ಇಳಿದಾಗ ಅದು ಎದ್ದು ಕಾಣುತ್ತದೆ, ಮಡೇನೂರು ಡ್ಯಾಂ ಅಂತ ಜನ ನೋಡಲು ಹೋಗುತ್ತಾರೆ. ಅಪ್ಪಯ್ಯ ಒಂದು ಸಲ ಹೋಗಿ ಬಂದು ಎರಡು ದಿನ ಮಾತಾಡಿರಲಿಲ್ಲ. ಯಾಕೆ ಅಂತ ನಾನು ಕೇಳಲಿಲ್ಲ. ಕೇಳಬೇಕಿತ್ತು. ಈಗ 2025ರ ಜುಲೈಯಲ್ಲಿ ಸಿಗಂದೂರಿಗೆ ಸೇತುವೆಯೂ ಆಯ್ತು, ಅವನು ನೋಡಲಿಲ್ಲ.

94 ವರ್ಷ ಬದುಕಿದ, ತುಂಬು ಜೀವನ, ಅಳಬಾರದು ಅಂತ ನಿನಗೆ ಅಲ್ಲಿ ಹೇಳುವವರು ಇರುತ್ತಾರೆ. ನಾನು ಒಪ್ಪುವುದಿಲ್ಲ. ಅಷ್ಟು ವರ್ಷ ಇದ್ದವನ ಜಾಗ ಅಷ್ಟೇ ದೊಡ್ಡದು. ಅಳು ಬಂದರೆ ಅಳು. ಫೋನಿನಲ್ಲಿರುವ ಆ ಕೊನೆಯ ವಿಡಿಯೋವನ್ನು ಮಾತ್ರ ರಾತ್ರಿ ಹೊತ್ತು ನೋಡಬೇಡ. ಅಳಿಸು ಅಂತ ಹೇಳುವುದಿಲ್ಲ, ನನಗೆ ಆ ಹಕ್ಕಿಲ್ಲ.

ಮೊದಲಿನ ಅಜ್ಜ ಬರುವುದೇ ಇಲ್ಲ ಅಂದೆಯಲ್ಲ. ಮೊನ್ನೆ ಮಳೆ ಒಂದು ದಿನ ಬಿಟ್ಟಿತ್ತು. ಆನಂದಪುರದ ತೋಟದಲ್ಲಿ ನಿನ್ನಪ್ಪ ಅಡಿಕೆಗೆ ಎರಡನೇ ಸಲ ಮದ್ದು ಹೊಡೆಸಿದ, ನಾನೂ ಹೋಗಿದ್ದೆ. ಒಂದು ಡ್ರಮ್ಮಿನಲ್ಲಿ ಮೈಲುತುತ್ತ, ಇನ್ನೊಂದರಲ್ಲಿ ಸುಣ್ಣ, ನೂರು ಲೀಟರಿಗೆ ಒಂದೊಂದು ಕೇಜಿ. ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ದು ಕಡೆಯುವಾಗ ನನಗೆ ನೀನೇ ನೆನಪಾದೆ. ಹಾಳೆಟೊಪ್ಪಿ ಕಣ್ಣಿನ ಮೇಲೆ ಜಾರುತ್ತಾ ಇದ್ದ ಆರು ವರ್ಷದ ನೀನು. ಅಜ್ಜ ಉಜ್ಜಿ ಹೊಳೆಯಿಸಿದ ಕತ್ತಿಯನ್ನು ನಿನ್ನ ಕೈಗೆ ಕೊಟ್ಟು, ತನ್ನ ಕೈಯನ್ನು ನಿನ್ನ ಕೈ ಮೇಲಿಟ್ಟು, ಮದ್ದಿನಲ್ಲಿ ಅದ್ದಿಸುತ್ತಿದ್ದ. ಕತ್ತಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು, ಹಾಗೆ ಹೊಡೆದರೆ ಸಿಂಗಾರದ ಹೂಗೊನೆ, ಕಾಯಿ ಸುಟ್ಟುಹೋಗುತ್ತವೆ. 'ಬಣ್ಣ ನೋಡಿ ಹೇಳು ಯಜಮಾನ್ತಿ, ನೀನು ಹೇಳಿದ ಮೇಲೇ ಮರ ಹತ್ತದು' ಅನ್ನುತ್ತಿದ್ದ. ಮರ ಹತ್ತುವವನು ಕಾಯುತ್ತಾ ನಿಂತಿರುತ್ತಿದ್ದ. ನೀನು 'ಕೆಂಪಿಲ್ಲ' ಅಂತ ಕೂಗುತ್ತಿದ್ದೆ. ಆ ಕೈಯ ತೂಕ ನಿನ್ನ ಕೈಗೆ ಗೊತ್ತಿದೆ ಪುಟ್ಟಿ. ಮುಖ ಬಾರದಿದ್ದರೆ ಸದ್ಯಕ್ಕೆ ಬಿಡು, ಕೈಯಿಂದ ಶುರು ಮಾಡು.

ಕಡೆಕಡೆಗೆ ಮಾತು ನಿಂತ ಮೇಲೂ ಅವನ ಕೈ ಸುಮ್ಮನಿರಲಿಲ್ಲ. ಕಂಬಳಿಯ ಮೇಲೆ ಒಂದೊಂದೇ ಅಡಿಕೆ ಎತ್ತುವ ಹಾಗೆ ಎತ್ತಿ, ಮೆಟ್ಟುಕತ್ತಿಗೆ ಒತ್ತಿ, ಸಿಪ್ಪೆ ಒಂದು ಕಡೆ ಬೇಳೆ ಒಂದು ಕಡೆ ಹಾಕುತ್ತಿದ್ದ. ನಾನು ಕೈ ಹಿಡಿದು ನಿಲ್ಲಿಸಲು ಹೋಗಲಿಲ್ಲ. ಅಷ್ಟನ್ನಾದರೂ ಕಲಿತಿದ್ದೆ.

ಇನ್ನೇನು ಬರೆಯಲಿ. ರಾತ್ರಿ ಊಟ ಬಿಡಬೇಡ. ವಾರಕ್ಕೊಮ್ಮೆ ನಿನ್ನಪ್ಪನಿಗೆ ಫೋನು ಮಾಡು, ಅವನು ಬಾಯಿ ಬಿಟ್ಟು ಹೇಳುವವನಲ್ಲ. ಸೂತಕದ ವರ್ಷ ಅಂತ ಈ ಸಲ ನಮ್ಮನೆಯಲ್ಲಿ ಚೌತಿ ಇಲ್ಲ, ಆದರೂ ರಜೆ ಸಿಕ್ಕರೆ ಬಾ. ರಾತ್ರಿ ರೈಲಿಗೆ ಹೊರಡುವ ಮೊದಲು ತಿಳಿಸು, ಬೆಳಿಗ್ಗೆ ಆನಂದಪುರದ ಸ್ಟೇಷನ್ನಿಗೆ ನಾನೇ ಬಂದಿರುತ್ತೇನೆ. ನೀನು ಬಂದಾಗ ಕೊಡಬೇಕಾಗಿದ್ದ ನೀರು ಬೆಲ್ಲ ಬಾಕಿ ಇದೆ, ಅಪ್ಪಯ್ಯ ನನಗೆ ಹೇಳಿದ್ದು.

ಇಂತಿ ನಿನ್ನ
ದೊಡ್ಡಪ್ಪ